ಬಾಣ ತಿರುಗಿಸುವವರು ಯಾರು?

ಜುಲೈ ತಿಂಗಳ ಒಂದು ಬೆಳಿಗ್ಗೆ. ಮಲೆನಾಡಿನ ಅಂಚಿನ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ. ಹೆಂಚಿನ ಮೇಲೆ ಮಳೆ ಬೀಳುತ್ತಿದ್ದ ರಭಸಕ್ಕೆ ಟೀಚರ್ ಹೇಳಿದ್ದು ಹಿಂದೆ ಕೂತವರಿಗೆ ಕೇಳುತ್ತಿರಲಿಲ್ಲ. ಬಾಗಿಲ ಬಳಿ ಹತ್ತಾರು ಕೊಡೆಗಳು ನೀರಿಳಿಸುತ್ತಿದ್ದವು. ಗೋಡೆಯ ಮೇಲೆ ನಲಿ-ಕಲಿಯ ಹವಾಮಾನ ನಕ್ಷೆ: ರಟ್ಟಿನ ವೃತ್ತ, ನಾಲ್ಕು ಭಾಗ, ನಡುವೆ ಗುಂಡುಸೂಜಿಗೆ ಸಿಕ್ಕಿಸಿದ ಬಾಣ. ಬಾಣದ ತುದಿ ನಗುಮೊಗದ ಸೂರ್ಯನ ಕಡೆಗಿತ್ತು.

ಪಕ್ಕದಲ್ಲಿ ಕೂತಿದ್ದ ಎರಡನೇ ಕ್ಲಾಸಿನ ಹುಡುಗಿಯನ್ನು ಕೇಳಿದೆ, "ಇವತ್ತು ಬಿಸಿಲಾ?"

ಅವಳು ಒಮ್ಮೆ ಕಿಟಕಿ ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ಅದು ನಮಗೆ ಸಿಗಲ್ಲ ಸಾರ್. ಟೀಚರ್ ತಿರುಗಿಸ್ಬೇಕು."

ನಕ್ಷೆ ನೇತಾಡುತ್ತಿದ್ದದ್ದು ನನ್ನ ಕಣ್ಣಿನ ಮಟ್ಟದಲ್ಲಿ. ಆರೇಳು ವರ್ಷದ ಮಗುವಿನ ಎತ್ತರ ನಾಲ್ಕು ಅಡಿಯ ಆಸುಪಾಸು. ಕಣ್ಣು ಇರುವುದು ಮೂರೂವರೆ ಅಡಿಯಲ್ಲಿ. ಮೊಳೆ ಹೊಡೆದವರು ತಮ್ಮ ಎತ್ತರಕ್ಕೆ ಹೊಡೆದಿದ್ದರು. ಟೀಚರನ್ನು ದೂರುವಂತಿರಲಿಲ್ಲ. ಮೂರು ತರಗತಿಗಳ ಮಕ್ಕಳು ಒಂದೇ ಕೋಣೆಯಲ್ಲಿ, ಬಿಸಿಯೂಟದ ಲೆಕ್ಕ, ಮೊಟ್ಟೆಯ ಲೆಕ್ಕ, ಮೊಬೈಲಿನಲ್ಲಿ ತುಂಬಬೇಕಾದ ಮಾಹಿತಿ. ಅವರ ಪಾಲಿಗೆ ಬಾಣ ದಿನದ ಹದಿನೇಳನೇ ಕೆಲಸ. ಅದೇ ಬಾಣ ಆ ಹುಡುಗಿಗೆ ಸಿಕ್ಕಿದ್ದರೆ ದಿನದ ಮೊದಲ ಕೆಲಸವಾಗುತ್ತಿತ್ತು, ಅದಕ್ಕಾಗಿ ಜಗಳವೂ ಆಗುತ್ತಿತ್ತು.

ಶಾಲೆಯ ಗೋಡೆಗಳನ್ನು ನೋಡುವ ಚಟ ನನಗೆ ಹತ್ತಿದ್ದು ಅಲ್ಲಿಂದ. ಯಾವ ಶಾಲೆಗೆ ಹೋದರೂ ಮೊದಲು ನೋಡುವುದು ಮೊಳೆಯ ಎತ್ತರ. ಆಮೇಲೆ ಒಂದು ಪ್ರಶ್ನೆ: ಇದರಲ್ಲಿ ಯಾವುದನ್ನು ಮಗು ಯಾರನ್ನೂ ಕೇಳದೆ ಬದಲಾಯಿಸಬಹುದು? ಉತ್ತರ ಬಹಳ ಕಡೆ ಒಂದೇ. ರಾಷ್ಟ್ರನಾಯಕರ ಪಟ, ಅಂಗಡಿಯಿಂದ ತಂದ ಹಣ್ಣು-ತರಕಾರಿಗಳ ಚಾರ್ಟು, ಡ್ರಾಯಿಂಗ್ ಶೀಟಿನಲ್ಲಿ ಟೀಚರೇ ಚೆಂದವಾಗಿ ಬರೆದ ಕಾಗುಣಿತ, ಥರ್ಮಾಕೋಲಿನಲ್ಲಿ ಕೊರೆದ ಕರ್ನಾಟಕದ ನಕ್ಷೆ. ಸಿಆರ್‌ಪಿ ಬರುವ ದಿನ, ಬಿಇಒ ಬರುವ ದಿನ ಇವುಗಳ ಧೂಳು ಒರೆಸಲಾಗುತ್ತದೆ. ಅಂಗಡಿಯ ಹಣ್ಣಿನ ಚಾರ್ಟಿನಲ್ಲಿ ಸೇಬು ಮೊದಲು ಬರುತ್ತದೆ. ಶಾಲೆಯ ಹಿತ್ತಿಲಿನಲ್ಲೇ ಇರುವ ನೇರಳೆ ಹಲವು ಸಲ ಬರುವುದೇ ಇಲ್ಲ.

ಖಾಸಗಿ ಶಾಲೆಗಳ ಬಣ್ಣ ಬೇರೆ, ಕಥೆ ಅದೇ. ಬೆಂಗಳೂರಿನ ಶಾಲೆಯೊಂದರ ಬುಲೆಟಿನ್ ಬೋರ್ಡಿನಲ್ಲಿ ಅಕ್ಟೋಬರ್ ತಿಂಗಳಿಗೆಂದು ಕಿತ್ತಳೆ ಬಣ್ಣದ ಮೇಪಲ್ ಎಲೆಗಳು ಉದುರುತ್ತಿದ್ದವು. ಕಿಟಕಿಯ ಹೊರಗಿನ ಹೊಂಗೆ ಮರ ಹಸಿರಾಗಿ ನಿಂತಿತ್ತು. ಅದರ ಎಲೆ ಉದುರುವುದು ಸಂಕ್ರಾಂತಿ ಕಳೆದ ಮೇಲೆ. ಆ ಎಲೆಗಳನ್ನು ಕತ್ತರಿಸಿದವರೂ ಮಕ್ಕಳಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ರಾತ್ರಿ ಎಂಟಕ್ಕೆ ಸೂಚನೆ ಬಂದು, ಹನ್ನೊಂದರವರೆಗೆ ಫೋಮ್ ಶೀಟು ಕತ್ತರಿಸಿದ ತಾಯಂದಿರು.

ಹಾಗೆಂದು, ಮಕ್ಕಳ ಕೈಯಾಡುವ ಗೋಡೆ ಹೊರಗಿನಿಂದ ಬರಬೇಕಾದ ವಿಚಾರವಲ್ಲ. ಕರ್ನಾಟಕದಲ್ಲಿ ಅದಕ್ಕೆ ದೊಡ್ಡ ಚರಿತ್ರೆಯೇ ಇದೆ, ಮತ್ತು ಅದು ಶುರುವಾದದ್ದು ರಾಜಧಾನಿಯಿಂದ ದೂರದ ಹೆಗ್ಗಡದೇವನಕೋಟೆಯಲ್ಲಿ. ಕಬಿನಿಯ ಕಾಡು, ಜೇನುಕುರುಬರ ಹಾಡಿಗಳು, ಒಬ್ಬಿಬ್ಬರೇ ಮೇಷ್ಟ್ರಿರುವ ಶಾಲೆಗಳು. 1995ರಲ್ಲಿ ಅಲ್ಲಿನ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದರು. ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೆಯಲ್ಲಿ ಕಾರ್ಡುಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಮೇಷ್ಟ್ರು ಎಲ್ಲರ ಮುಂದೆ ನಿಂತು ಪಾಠ ಒಪ್ಪಿಸುತ್ತಿರಲಿಲ್ಲ. ಊರಿಗೆ ಮರಳಿದ ಶಿಕ್ಷಕರು ಯುನಿಸೆಫ್ ನೆರವಿನಲ್ಲಿ ಕನ್ನಡಕ್ಕೆ ಒಗ್ಗುವ ಹಾಡು, ಕಥೆ, ಕಾರ್ಡುಗಳನ್ನು ತಾವೇ ಕೂತು ಬರೆದರು. ಅದೇ ನಲಿ-ಕಲಿ. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಪ್ರಾಥಮಿಕ ಶಾಲೆಗಳಿಗೆಲ್ಲ ಹಬ್ಬಿತು.

ನಲಿ-ಕಲಿ ಕೋಣೆಯೊಳಗೆ ಕಾಲಿಟ್ಟವರಿಗೆ ಮೊದಲು ತಲೆಗೆ ತಾಗುವುದು ಚಪ್ಪರ. ಗೋಡೆಯಿಂದ ಗೋಡೆಗೆ ದಾರ ಎಳೆದು, ಮದುವೆ ಮನೆಯ ಮಾವಿನ ತೋರಣದ ಹಾಗೆ ಮಕ್ಕಳು ಬಿಡಿಸಿದ ಚಿತ್ರ, ಬರೆದ ಪದ, ಮಡಿಸಿದ ಕಾಗದದ ಹಕ್ಕಿಗಳನ್ನು ಕಟ್ಟುತ್ತಾರೆ. ಗೋಡೆ ಸಾಲದಾದಾಗ ಆಕಾಶವನ್ನೇ ಫಲಕ ಮಾಡಿಕೊಂಡ ಉಪಾಯ. ಒಂದು ಗೋಡೆಯ ಮೇಲೆ ಕಲಿಕಾ ಏಣಿ. ಮೆಟ್ಟಿಲು ಮೆಟ್ಟಿಲಿಗೂ ಪ್ರಾಣಿ, ಹಕ್ಕಿಯಂಥ ಚಿಹ್ನೆ. ಮಗು ತಾನು ನಿಂತ ಮೆಟ್ಟಿಲು ಹುಡುಕಿ, ಚಿಹ್ನೆ ಗುರುತಿಟ್ಟುಕೊಂಡು, ಅದೇ ಚಿಹ್ನೆಯ ಕಾರ್ಡನ್ನು ತಾನೇ ಎತ್ತಿಕೊಂಡು, ಸೇರಬೇಕಾದ ಗುಂಪಿನಲ್ಲಿ ಕೂರುತ್ತದೆ. ಶಿಕ್ಷಕರ ಪೂರ್ಣ ಸಹಾಯ ಬೇಕಾದವರು ಒಂದೆಡೆ, ಸಹಪಾಠಿಯ ಸಹಾಯ ಸಾಕೆನ್ನುವವರು ಇನ್ನೊಂದೆಡೆ, ತಾವೇ ಕಲಿಯಬಲ್ಲವರು ಮತ್ತೊಂದೆಡೆ. ಓದು ಬಾರದ ಮಗುವೂ ಈ ಗೋಡೆಯನ್ನು ಓದಬಲ್ಲದು. ನನ್ನ ಮಟ್ಟಿಗೆ ನಲಿ-ಕಲಿಯ ಅಷ್ಟೂ ಸಾಮಗ್ರಿಗಳಲ್ಲಿ ಇದು ಬಹಳ ಜಾಣತನದ ಯೋಚನೆ. ಗೋಡೆಯ ಕೆಳಭಾಗಕ್ಕೆ ಕಪ್ಪು ಬಣ್ಣ ಬಳಿದು ಮಗುವಿಗೊಂದು ಚೌಕ ಬಿಟ್ಟುಕೊಡುವುದೂ ಇದರ ಜೊತೆಗೇ ಬಂತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಪ್ರಾಥಮಿಕ ತರಗತಿಗಳಲ್ಲಿ ನಾಲ್ಕು ಅಡಿಯ ಕೆಳಗಿನ ಗೋಡೆಯನ್ನು ಆದಷ್ಟೂ ಕಪ್ಪು ಮಾಡಿ ಮಕ್ಕಳಿಗೆ ಬಿಡಿ ಎಂದು ಹೇಳಿದೆ.

ಎಡವಟ್ಟಾಗಿದ್ದು ಹರಡುವಾಗ. ಹೆಗ್ಗಡದೇವನಕೋಟೆಯ ಶಿಕ್ಷಕರು ತಾವೇ ಮಾಡಿಕೊಂಡದ್ದು ಉಳಿದವರಿಗೆ ಮುದ್ರಣವಾಗಿ, ಲ್ಯಾಮಿನೇಟ್ ಆಗಿ, ಪಟ್ಟಿಯ ಸಮೇತ ಬಂತು. ಪಟ್ಟಿಯಲ್ಲಿ 'ಹವಾಮಾನ ನಕ್ಷೆ – ಇದೆ/ಇಲ್ಲ' ಎಂಬ ಕಾಲಮ್ ಇರಬಹುದು. ಬಾಣ ಇವತ್ತು ತಿರುಗಿತೇ ಎಂಬ ಕಾಲಮ್ ಇರುವುದಿಲ್ಲ.

ಆದರೂ ಹೊಸದಾಗಿ ಯೋಚಿಸುವವರಿಗೆ ಕೊರತೆಯಿಲ್ಲ. ನಾನು ಕಂಡ, ಕೇಳಿದ, ಒಂದೆರಡು ಸಲ ಮಕ್ಕಳ ಜೊತೆ ಕೂತು ಮಾಡಿ ಕೆಡಿಸಿದ ಕೆಲವು ಫಲಕಗಳ ಬಗ್ಗೆ ಹೇಳುತ್ತೇನೆ. ಮೊದಲನೆಯದಕ್ಕೆ ಸ್ವಲ್ಪ ಹೆಚ್ಚು ಜಾಗ ಬೇಕು, ಏಕೆಂದರೆ ಅದು ಕನ್ನಡಕ್ಕೇ ಸೇರಿದ್ದು.

ಇಂಗ್ಲಿಷ್ ಅಕ್ಷರಗಳ ಆಟದ ಫಲಕ ಸುಲಭ. ಅಕ್ಷರಗಳು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ನಿಲ್ಲುತ್ತವೆ. ಒಂದು ಸಾಲು ಜೇಬು ಹೊಲಿದರೆ ಮುಗಿಯಿತು. ಕನ್ನಡ ಹಾಗಲ್ಲ, ಮಾಳಿಗೆ ಮನೆ. ಅಕ್ಷರದ ತಲೆಯ ಮೇಲೆ ಗುಡಿಸು, ಕಾಲ ಕೆಳಗೆ ಒತ್ತು. ಒಂದನೇ ಕ್ಲಾಸಿನ ಮಗು ಸಲೀಸಾಗಿ ಕೂಗುವ ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಅಜ್ಜಿ, ತಮ್ಮ ಎಲ್ಲರಿಗೂ ಒತ್ತಕ್ಷರವಿದೆ. ಅಂದರೆ ಮನೆಯ ಜನರ ಹೆಸರನ್ನೇ ಬರೆಯಲು ಮಗು ಬಹಳ ದಿನ ಕಾಯಬೇಕು. ಕ, ಪ, ಜ ಇವುಗಳ ಒತ್ತು ನೋಡಿದರೆ ಅದರ ತಾಯಿ ಯಾರೆಂದು ತಿಳಿಯುತ್ತದೆ. ತ, ನ, ಮ, ಯ, ರ, ಲ ಇವುಗಳ ಒತ್ತಿಗೆ ತಾಯಿಯ ಮುಖವೇ ಇಲ್ಲ. ಮತ್ತೂ ಒಂದು ತೊಡಕಿದೆ. 'ಶಕ್ತಿ'ಯಲ್ಲಿ ಗುಡಿಸು ಕೂತಿರುವುದು ಕಕಾರದ ಮೇಲೆ, ಅದರ ಸದ್ದು ಬರುವುದು ಕೆಳಗಿನ ತಕಾರ ಮುಗಿದ ಮೇಲೆ. ಮಕ್ಕಳು 'ಶಕಿತ' ಎಂದು ಓದಿದರೆ ತಪ್ಪು ಅವರದೆನ್ನುವಂತಿಲ್ಲ. ಅವರು ಕಂಡದ್ದನ್ನು ಕಂಡ ಹಾಗೆ ಓದಿದ್ದಾರೆ.

ಇದಕ್ಕೆ ಒಬ್ಬ ಮೇಷ್ಟ್ರು ಮಾಡಿದ ಉಪಾಯ ಹೀಗಿತ್ತು. ಹಳೆಯ ಲಗ್ನಪತ್ರಿಕೆಗಳ ಗಟ್ಟಿ ಕಾಗದ. ನಮ್ಮ ಊರುಗಳಲ್ಲಿ ಇದಕ್ಕೆಂದೂ ಬರವಿಲ್ಲ. ದೊಡ್ಡ ರಟ್ಟಿನಲ್ಲಿ ಮೇಲೊಂದು ಕೆಳಗೊಂದು ಕಿಂಡಿ ಕೊರೆದರು. ಮೇಲಿನ ಕಿಂಡಿಯ ಹಿಂದೆ ಕ, ಕಾ, ಕಿ, ಕೀ ಎಂದು ಗುಣಿತಾಕ್ಷರಗಳಿರುವ ಉದ್ದ ಪಟ್ಟಿ, ಅಡ್ಡಡ್ಡ ಜಾರುವಂಥದ್ದು. ಕೆಳಗಿನ ಕಿಂಡಿಯ ಹಿಂದೆ ಒತ್ತುಗಳ ಪಟ್ಟಿ. ಪಟ್ಟಿ ಎಳೆದ ಹಾಗೆ ಕಿಂಡಿಯಲ್ಲಿ ಹೊಸ ಸಂಯುಕ್ತಾಕ್ಷರ ಮೂಡುತ್ತದೆ. ಇಂಥ ಮೂರು ಜೋಡಿ ಕಿಂಡಿಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಪದ ಕಟ್ಟಬಹುದು. ಒತ್ತಿನ ಪಟ್ಟಿಯ ಹಿಂಬದಿಯಲ್ಲಿ ಅದರ ತಾಯಿ ಅಕ್ಷರ. ಅನುಮಾನ ಬಂದವರು ತಿರುಗಿಸಿ ನೋಡಬಹುದು, ಟೀಚರನ್ನು ಕೇಳಬೇಕಿಲ್ಲ.

ಮೇಷ್ಟ್ರು ಎಣಿಸಿದ್ದು ಮಕ್ಕಳು 'ಅಕ್ಕ', 'ಹಕ್ಕಿ', 'ಬೆಕ್ಕು' ಕಟ್ಟುತ್ತಾರೆ ಎಂದು. ಮಕ್ಕಳು ಮೊದಲ ಒಂದು ವಾರ ಕಟ್ಟಿದ್ದು ಯಾರೂ ಕೇಳದ ಪದಗಳನ್ನು. ಠಕಾರದ ಅಡಿಗೆ ಪಕಾರ ಸಿಕ್ಕಿಸಿ, ಅದಕ್ಕೆ ಕೊಂಬು ಕೊಟ್ಟು, ಉಚ್ಚರಿಸಲು ಹೋಗಿ ಉಗುಳು ಹಾರಿಸಿ ಬಿದ್ದು ಬಿದ್ದು ನಕ್ಕರು. ಅಂಥದ್ದನ್ನು ಓದಬೇಕಾದರೆ ಊಹೆ ನಡೆಯುವುದಿಲ್ಲ. 'ಅಮ್ಮ' ಎಂಬುದನ್ನು ಮಗು ಚಿತ್ರ ನೋಡಿ ಹೇಳಿಬಿಡಬಹುದು. 'ಠ್ಪು' ಎಂಬುದನ್ನು ಅಕ್ಷರ ಬಿಡಿಸಿಯೇ ಓದಬೇಕು. ಮೇಷ್ಟ್ರು ಇದನ್ನು ತಡೆಯಲಿಲ್ಲ, ಪಕ್ಕದಲ್ಲಿ ಒಂದು ಹಾಳೆ ಅಂಟಿಸಿ 'ಅರ್ಥವಿಲ್ಲದ ಪದಗಳು' ಎಂದು ಶೀರ್ಷಿಕೆ ಕೊಟ್ಟರು. ಅದು ಆ ಕೋಣೆಯಲ್ಲಿ ಬಹಳ ಬೇಗ ತುಂಬಿದ ಹಾಳೆ.

ಇನ್ನು ಆ ಹವಾಮಾನ ನಕ್ಷೆಗೆ ಬರೋಣ. ಬಿಸಿಲು, ಮೋಡ, ಮಳೆ, ಗಾಳಿ ಎಂಬ ನಾಲ್ಕು ಭಾಗಗಳಲ್ಲೇ ನಿಲ್ಲಬೇಕೆಂದಿಲ್ಲ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಕತ್ತು ಕೊಯ್ದು, ಅದನ್ನೇ ಆಲಿಕೆಯಂತೆ ತಿರುಗಿಸಿ ಇಟ್ಟು, ತಳದ ಉಬ್ಬುತಗ್ಗು ಮುಚ್ಚುವಷ್ಟು ಬೆಣಚುಕಲ್ಲು, ನೀರು ತುಂಬಿ ಗೆರೆ ಎಳೆದರೆ ಮಳೆಮಾಪಕ. ಪ್ರಾರ್ಥನೆ ಮುಗಿದ ಮೇಲೆ ಇಬ್ಬರು ಮಕ್ಕಳು ಹೋಗಿ ನೀಲಿ ಕಾಗದದ ಪಟ್ಟಿಯನ್ನು ಬಾಟಲಿಗೆ ಒರಗಿಸಿ, ಗೆರೆಯಿಂದ ಮೇಲೆ ನೀರು ನಿಂತಷ್ಟು ಉದ್ದಕ್ಕೆ ಕತ್ತರಿಸಿ, ತಂದು ಫಲಕದಲ್ಲಿ ಆ ದಿನದ ಮನೆಯಲ್ಲಿ ಅಂಟಿಸುತ್ತಾರೆ. ಅಂಕಿ ಬಾರದ ಮಗುವೂ ಮಾಡಬಹುದು. ತಿಂಗಳ ಕೊನೆಗೆ ಗೋಡೆಯ ಮೇಲೆ ಸ್ತಂಭಾಲೇಖ ತಾನಾಗಿ ಎದ್ದು ನಿಂತಿರುತ್ತದೆ. ಆ ಪದ ಪಠ್ಯದಲ್ಲಿ ಬರಲು ಇನ್ನೂ ವರ್ಷಗಳಿವೆ. ನೂರು ಮಿಲಿಮೀಟರ್ ಮಳೆ ಎಂದರೆ ಹತ್ತು ಸೆಂಟಿಮೀಟರ್ ಕಾಗದ. ಚಳ್ಳಕೆರೆಯ ಶಾಲೆಯೊಂದು ವರ್ಷವಿಡೀ ಅಂಟಿಸಿದ ಪಟ್ಟಿಗಳನ್ನು ಒಂದರ ತುದಿಗೆ ಒಂದು ಜೋಡಿಸಿದರೆ ಅರ್ಧ ಮೀಟರಿನ ಆಸುಪಾಸು ಬಂದೀತು. ಆಗುಂಬೆಯದನ್ನು ಜೋಡಿಸಿದರೆ ಏಳು ಮೀಟರ್ ದಾಟುತ್ತದೆ, ಕೋಣೆಯ ಗೋಡೆ ಸಾಲದೆ ಮೂಲೆ ತಿರುಗಬೇಕಾಗುತ್ತದೆ. ಎರಡು ಶಾಲೆಗಳು ಒಬ್ಬರಿಗೊಬ್ಬರು ಪಟ್ಟಿ ಅಂಚೆಯಲ್ಲಿ ಕಳಿಸಿಕೊಂಡರೆ ಎಷ್ಟು ಚೆಂದ ಎಂದು ನಾನು ಹೇಳುತ್ತಲೇ ಇದ್ದೇನೆ. ಇನ್ನೂ ಯಾರೂ ಕಳಿಸಿಕೊಂಡಿಲ್ಲ.

ಅದೇ ಫಲಕದ ಪಕ್ಕಕ್ಕೆ ನೆರಳಿನ ದಾರ. ಎಲ್ಲ ಶಾಲೆಗಳಲ್ಲೂ ಧ್ವಜಸ್ತಂಭವಿದೆ. ಮಟಮಟ ಮಧ್ಯಾಹ್ನ ಅದರ ನೆರಳಿನ ಉದ್ದಕ್ಕೆ ಸುತಳಿ ಕತ್ತರಿಸಿ ವಾರಕ್ಕೊಂದರಂತೆ ನೇತುಹಾಕಿದರೆ, ಡಿಸೆಂಬರಿನ ಉದ್ದ ದಾರ ಬೇಸಿಗೆಯ ಕಡೆಗೆ ಬರುತ್ತ ಬರುತ್ತ ಗಿಡ್ಡವಾಗುತ್ತದೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ನೆರಳೇ ಇರುವುದಿಲ್ಲ, ಆಗ ಬೇಸಿಗೆ ರಜೆ. ಆಗಸ್ಟ್ 18ರ ಹೊತ್ತಿಗೆ ಅದೇ ಶೂನ್ಯ ನೆರಳು ಇನ್ನೊಮ್ಮೆ ಬರುತ್ತದೆ, ಆಗ ಶಾಲೆಯಿದೆ, ಮೋಡ ದಯೆ ತೋರಬೇಕು. ಬೀದರಿನಲ್ಲಿ ಅದು ಜುಲೈ ಕೊನೆ ಇಲ್ಲವೇ ಆಗಸ್ಟ್ ಮೊದಲ ದಿನಗಳಲ್ಲೇ ಆಗಿಹೋಗಿರುತ್ತದೆ. ಬೆಂಗಳೂರಿನ ಆ ಎರಡು ದಿನಗಳ ನಡುವೆ ಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ, ಉಳಿದ ದಿನ ಉತ್ತರಕ್ಕೆ. ಇದು ಬಹಳ ಮಂದಿ ದೊಡ್ಡವರಿಗೂ ಗೊತ್ತಿಲ್ಲ, ನನಗೂ ಒಂದು ದಾರದ ಫಲಕ ನೋಡುವವರೆಗೆ ಗೊತ್ತಿರಲಿಲ್ಲ.

ಲೆಕ್ಕದ ಫಲಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹುಣಸೆ ಬೀಜ, ಬಾಟಲಿ ಮುಚ್ಚಳ, ಬೆಂಕಿಪೊಟ್ಟಣ ಇದ್ದ ಕಡೆ ಅವು ಹುಟ್ಟುತ್ತವೆ. ಕಟ್ಟಡವನ್ನೇ ಕಲಿಕೆಯ ಸಾಧನ ಮಾಡುವ 'ಬಾಲಾ' ಎಂಬ ಯೋಜನೆಯವರು ಬಾಗಿಲ ಕೆಳಗಿನ ನೆಲದಲ್ಲೇ ಕೋನಮಾಪಕ ಬಿಡಿಸಿದರು. ಬಾಗಿಲು ತೆರೆದಷ್ಟೂ ಕೋನ ದೊಡ್ಡದು. ಮೊಳೆ, ಅಂಟು ಯಾವುದೂ ಬೇಡ, ದಿನಕ್ಕೆ ನೂರು ಸಲ ಬಳಕೆಯಾಗುವ ಫಲಕ.

ನನಗೆ ಬಹಳ ಇಷ್ಟವಾದದ್ದು ಹೆಸರುಗಳ ಫಲಕ. ದಾವಣಗೆರೆ ಕಡೆಯಿಂದ ವರ್ಗವಾಗಿ ಮೈಸೂರು ಸೀಮೆಗೆ ಬಂದ ಟೀಚರೊಬ್ಬರು ತರಗತಿಯಲ್ಲಿ ಮೆಕ್ಕೆಜೋಳ ಎಂದರಂತೆ. ಮಕ್ಕಳು ಪಿಳಿಪಿಳಿ ನೋಡಿದರು. ಚಿತ್ರ ತೋರಿಸಿದಾಗ, "ಓ, ಮುಸುಕಿನ ಜೋಳ!" ಧಾರವಾಡದಿಂದ ಕೂಲಿಗೆ ಬಂದ ಮನೆಯ ಹುಡುಗನೊಬ್ಬ ಮೂಲೆಯಿಂದ, "ನಾವು ಗೋವಿನಜೋಳ ಅಂತೀವ್ರಿ" ಅಂದ. ಶಾಲೆಗೆ ಸೇರಿದ ಮೇಲೆ ಅವನು ಎಲ್ಲರಿಗೂ ಕೇಳುವಂತೆ ಆಡಿದ ಮೊದಲ ಮಾತು ಅದು ಎಂದು ಟೀಚರ್ ಹೇಳಿದರು. ಅವತ್ತೇ ಡ್ರಾಯಿಂಗ್ ಶೀಟಿನ ನಡುವೆ ತೆನೆಯ ಚಿತ್ರ ಬಿಡಿಸಿ ಸುತ್ತ ಚೀಟಿ ಅಂಟಿಸಲು ಹೇಳಿದರು. ಮರುವಾರ ಕಡಲೆಕಾಯಿ: ಶೇಂಗಾ, ನೆಲಗಡಲೆ. ಆಮೇಲೆ ನೀರು. ಒಬ್ಬಳು 'ಪಾನಿ' ಎಂದು ಬರೆದಳು, ಲಂಬಾಣಿ ತಾಂಡಾದ ಹುಡುಗ ಸ್ವಲ್ಪ ತಿದ್ದಿ 'ಪಾಣಿ' ಎಂದ, ಇನ್ನೊಬ್ಬಳು ಅಜ್ಜಿಯನ್ನು ಕೇಳಿಕೊಂಡು ಬಂದು ಕೊಂಕಣಿಯ 'ಉದಾಕ್' ಅಂಟಿಸಿದಳು. ಮನೆಯಿಂದ ಕೇಳಿಕೊಂಡು ಬರಬೇಕಾದ ಈ ಫಲಕದಲ್ಲಿ ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೂ ಒಂದು ಚೀಟಿ ಇರುತ್ತದೆ.

ಮಾತಿನ ಫಲಕದ ಇನ್ನೊಂದು ತುದಿಯಲ್ಲಿ ದೂರಿನ ಫಲಕವಿದೆ. ಫ್ರಾನ್ಸಿನ ದಕ್ಷಿಣದ ಬಾರ್-ಸುರ್-ಲೂ ಎಂಬ ಹಳ್ಳಿಗೆ 1920ರಲ್ಲಿ ಮೇಷ್ಟ್ರಾಗಿ ಬಂದ ಸೆಲೆಸ್ಟಿನ್ ಫ್ರೆನೆ, ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದಿದ್ದವರು. ಹೆಚ್ಚು ಹೊತ್ತು ಕೂಗಿ ಪಾಠ ಹೇಳುವ ಉಸಿರು ಅವರಲ್ಲಿರಲಿಲ್ಲ. ಮಕ್ಕಳ ಕೈಗೆ ಅಚ್ಚಿನ ಮೊಳೆ ಕೊಟ್ಟರು, ಪತ್ರಿಕೆ ಮಾಡಿಸಿದರು, ಗೋಡೆಗೆ ದೊಡ್ಡ ಹಾಳೆ ತೂಗುಹಾಕಿದರು. ಅದರಲ್ಲಿ ಅಂಕಣಗಳು: ನಾನು ಟೀಕಿಸುತ್ತೇನೆ, ನಾನು ಮೆಚ್ಚುತ್ತೇನೆ, ನನಗೆ ಬೇಕು, ನಾನು ಮಾಡಿದೆ. ವಾರವಿಡೀ ಮಕ್ಕಳು ತುಂಬುತ್ತಿದ್ದರು, ವಾರದ ಕೊನೆಗೆ ಸಭೆ ಸೇರಿ ಒಂದೊಂದನ್ನೇ ಓದಿ ಚರ್ಚಿಸುತ್ತಿದ್ದರು. ಬರೆದವರು ಹೆಸರು ಹಾಕಲೇಬೇಕು.

ನಮ್ಮಲ್ಲಿ ಗೋಡೆ ಪತ್ರಿಕೆಗೆ ಹಳೆಯ ಪರಂಪರೆಯಿದೆ. ಹೈಸ್ಕೂಲು, ಕಾಲೇಜುಗಳಲ್ಲಿ ಭಿತ್ತಿಪತ್ರಿಕೆಗೆ ಕವಿತೆ ಬರೆದೇ ಲೇಖಕರಾದವರು ಈ ಪುರವಣಿಯ ಓದುಗರಲ್ಲೂ ಇದ್ದೀರಿ. ಆದರೆ ಅಲ್ಲಿ ಬರುವುದು ಅಂದವಾದ ಕೈಬರಹದವರ ಕವಿತೆ. ಮೇಲೆ ಗಾಜು, ಗಾಜಿಗೆ ಬೀಗ. 'ನನಗೆ ಬೇಕು' ಎಂಬ ಅಂಕಣ ಇರುವುದಿಲ್ಲ. ಒಂದು ಶಾಲೆಯಲ್ಲಿ ಅಂಥ ಅಂಕಣ ಶುರುಮಾಡಿದಾಗ ಮೊದಲ ದಿನವೇ ಬಂದ ಚೀಟಿಗಳಲ್ಲಿ ಮೂರು ಶೌಚಾಲಯದ ಚಿಲಕದ ಬಗ್ಗೆ ಇದ್ದವು. ಮುಖ್ಯೋಪಾಧ್ಯಾಯರಿಗೆ ಇರಿಸುಮುರಿಸಾಯಿತು, ಎಸ್‌ಡಿಎಂಸಿ ಸಭೆಗೆ ಮುನ್ನ ಹಾಳೆ ತೆಗೆಸಿದರು. ಚಿಲಕವನ್ನೂ ಹಾಕಿಸಿದರು, ಅದನ್ನು ಹೇಳದಿದ್ದರೆ ಅನ್ಯಾಯವಾದೀತು.

ಇಷ್ಟೆಲ್ಲ ಕೇಳಿ ಗೋಡೆಯ ಇಂಚಿಂಚಿಗೂ ಫಲಕ ಹಾಕಲು ಹೊರಟವರಿಗೆ ಒಂದು ಎಚ್ಚರಿಕೆ. 2014ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 24 ಪುಟ್ಟ ಮಕ್ಕಳಿಗೆ ಕೆಲವು ವಿಜ್ಞಾನ ಪಾಠಗಳನ್ನು ಚಾರ್ಟುಗಳು ಕಿಕ್ಕಿರಿದ ಕೋಣೆಯಲ್ಲೂ, ಇನ್ನು ಕೆಲವನ್ನು ಬೋಳು ಗೋಡೆಯ ಕೋಣೆಯಲ್ಲೂ ಮಾಡಿ ನೋಡಿದರು. ಅಲಂಕಾರವಿದ್ದಲ್ಲಿ ಮಕ್ಕಳ ಗಮನ ಪಾಠದಿಂದ ಆಚೆ ಹೋದದ್ದು ಶೇ 38.6ರಷ್ಟು ಹೊತ್ತು, ಬೋಳು ಕೋಣೆಯಲ್ಲಿ ಶೇ 28.4. ಪರೀಕ್ಷೆಯ ಸರಿಯುತ್ತರ ಶೇ 42, ಬೋಳು ಕೋಣೆಯಲ್ಲಿ ಶೇ 55. ಬ್ರಿಟನ್ನಿನ ಸಾಲ್‌ಫರ್ಡ್ ವಿಶ್ವವಿದ್ಯಾಲಯದವರು 153 ತರಗತಿಗಳನ್ನು ನೋಡಿ 2015ರಲ್ಲಿ ಹೇಳಿದ್ದು, ಗೋಡೆಯ ಶೇ 20ರಿಂದ 50ರಷ್ಟು ಭಾಗವನ್ನು ಖಾಲಿ ಬಿಡಿ ಎಂದು. ಅಮೆರಿಕದ ಆ ಕೋಣೆಯ ಚಾರ್ಟುಗಳು ಬರೀ ನೋಡಲಿಕ್ಕಿದ್ದವು, ಮಕ್ಕಳು ಕಟ್ಟಿದ್ದಲ್ಲ ಎಂಬುದನ್ನು ಮರೆಯಬಾರದು. ಆದರೂ ಒಂದು ಹೊಸ ಫಲಕ ಬಂದರೆ ಒಂದು ಹಳೆಯದು ಇಳಿಯಲಿ ಎಂಬ ಲೆಕ್ಕ ನನಗೆ ಸರಿಯೆನಿಸುತ್ತದೆ. ಇಳಿಸುವುದು ಕಷ್ಟ. ಹಣ ಕೊಟ್ಟು ತಂದದ್ದು, ದಾಸ್ತಾನು ಪುಸ್ತಕದಲ್ಲಿ ನಮೂದಾದದ್ದು, ಹರಿದರೆ ಯಾರು ಉತ್ತರ ಕೊಡುವುದು?

ಹರಿಯುವ ಭಯವೇ ಮೊಳೆಯನ್ನು ಮೇಲಕ್ಕೆ ಏರಿಸುತ್ತದೆ ಎಂದು ನನಗೀಗ ಅನ್ನಿಸುತ್ತದೆ. ಮಕ್ಕಳ ಕೈಗೆ ಸಿಕ್ಕ ರಟ್ಟು ಮೂರು ತಿಂಗಳಲ್ಲಿ ಚಿಂದಿಯಾಗುತ್ತದೆ, ನಿಜ. ಮಲೆನಾಡಿನಲ್ಲಿ ತೇವಕ್ಕೆ ಅಂಟು ಬಿಡುತ್ತದೆ, ಬಯಲಿನಲ್ಲಿ ಗೆದ್ದಲು ತಿನ್ನುತ್ತದೆ, ಮೈದಾ ಅಂಟಾದರೆ ಇಲಿಗೆ ಹಬ್ಬ. ಅದಕ್ಕೇ ಲಗ್ನಪತ್ರಿಕೆ, ಸಿಮೆಂಟ್ ಚೀಲ, ಹಳೆಯ ಖಾದಿ ಬಟ್ಟೆ. ಚಿತ್ರದ ಬೆನ್ನಿಗೆ ಉಪ್ಪು ಕಾಗದದ ತುಂಡು ಅಂಟಿಸಿದರೆ ಖಾದಿಯ ಮೇಲೆ ಅಂಟೂ ಇಲ್ಲದೆ, ಪಿನ್ನೂ ಇಲ್ಲದೆ ಹಿಡಿದು ನಿಲ್ಲುತ್ತದೆ. ಟಿಸಿಎಚ್ ಓದಿದ ಹಳೆಯ ಮೇಷ್ಟ್ರುಗಳಿಗೆ ಇದನ್ನು ನಾನು ಹೇಳಿಕೊಡಬೇಕಿಲ್ಲ.

ಸೆಪ್ಟೆಂಬರಿನಲ್ಲಿ ಆ ಮಲೆನಾಡಿನ ಶಾಲೆಗೆ ಇನ್ನೊಮ್ಮೆ ಹೋದೆ. ಮೊಳೆ ಕೆಳಗಿಳಿದಿತ್ತು. ನಾನು ಹೇಳಿದ್ದಕ್ಕೋ ಅಥವಾ ಸುಣ್ಣ ಬಳಿಯುವಾಗ ಕಿತ್ತು ಮತ್ತೆ ಹೊಡೆದದ್ದಕ್ಕೋ ತಿಳಿಯದು, ಕೇಳಲಿಲ್ಲ. ರಟ್ಟಿನ ಅಂಚು ಕೈಯ ಕೊಳೆಗೆ ಕಪ್ಪಾಗಿತ್ತು. ಬಾಣ ಒಮ್ಮೆ ಮುರಿದು, ಪೊರಕೆ ಕಡ್ಡಿಯ ಬಾಣವಾಗಿತ್ತು. ಹೊರಗೆ ಎಳೆಬಿಸಿಲು, ಜೊತೆಗೇ ಜಿಟಿಜಿಟಿ ಮಳೆ. ಬಾಣ ಎಲ್ಲಿದೆ ಎಂದು ನೋಡಿದೆ. ಬಿಸಿಲಿಗೂ ಮಳೆಗೂ ನಡುವಿನ ಗೆರೆಯ ಮೇಲೆ ಯಾರೋ ಪೆನ್ಸಿಲಿನಲ್ಲಿ ಐದನೆಯದೊಂದು ಭಾಗ ಗೀಚಿ, ಅದರೊಳಗೆ ಒಂದು ಕಾಗೆ, ಉದ್ದ ಬಾಲದ ಒಂದು ಪ್ರಾಣಿ, ಎರಡಕ್ಕೂ ಬಾಸಿಂಗ ಬಿಡಿಸಿದ್ದರು. ಬಾಣ ಅಲ್ಲಿತ್ತು.

"ಏನಿದು?" ಅಂದೆ.

"ಕಾಗೆ ನರಿ ಮದುವೆ ಸಾರ್," ಅಂದಳು ಅದೇ ಹುಡುಗಿ. "ಅದನ್ನ ಹಾಕೋದು ಮರೆತಿದ್ರು."